ಆರನೆಯ ಗಂಟು

ಸ್ಲೈಗೋ
ಜನವರಿ 12, 2025

ಉಸ್ತಾದರಿಗೆ ಖುದ್ದೂಸನ ಸಲಾಂ.

ಮೂರು ದಿನದಿಂದ ಒಂದೇ ಕನಸು ಬೀಳುತ್ತಿದೆ. ಯಾರಿಗಾದರೂ ಹೇಳದಿದ್ದರೆ ಅದು ನಿಲ್ಲುವುದಿಲ್ಲ ಅನ್ನಿಸಿ ಈ ಕಾಗದ ಬರೆಯುತ್ತಿದ್ದೇನೆ. ಕನಸಿನಲ್ಲಿ ನಮ್ಮ ಮೈಸೂರು ರಸ್ತೆ ಶೆಡ್ಡಿನ ಬೆಂಚು. ಅದರ ಮೇಲೆ ಈಗ ತಾನೇ ವೆಲ್ಡ್ ಮಾಡಿದ ಮ್ಯಾನಿಫೋಲ್ಡ್, ಇನ್ನೂ ಬಿಸಿ ಇದೆ. ನಾನು ಅದರ ಒಂದು ತೂತಿಗೆ ಬೆರಳು ಹಾಕಿ ಬಟ್ಟೆ ಎಳೆಯುತ್ತೇನೆ. ಬನಿಯನ್ ವೇಸ್ಟು, ಕೈ ಒರೆಸುವಂಥದ್ದು. ಎಳೆದಷ್ಟೂ ಬರುತ್ತದೆ. ಬೆಂಚು ತುಂಬುತ್ತದೆ, ನೆಲ ತುಂಬುತ್ತದೆ, ನನ್ನ ಮೊಣಕಾಲು ಮುಚ್ಚುತ್ತದೆ. ನೀವು ಗೋಡೆಯ ಮೊಳೆಯ ಹತ್ತಿರ ನಿಂತು "ಮುಗೀತೇನೋ?" ಅಂತ ಕೇಳುತ್ತೀರಿ. ನಾನು "ಮುಗೀತು ಉಸ್ತಾದ್" ಅನ್ನುತ್ತೇನೆ. ಕೈಗೆ ಇನ್ನೂ ಬಟ್ಟೆ ಬರುತ್ತಲೇ ಇರುತ್ತದೆ.

ಫೋನ್ ಮಾಡಬಹುದಿತ್ತು. ಆದರೆ ಗ್ರೈಂಡರ್ ನಿಮ್ಮ ಕಿವಿ ತಿಂದು ಎಷ್ಟೋ ವರ್ಷವಾಯಿತು. ನಾನು ಹೇಳಿದ್ದನ್ನು ವಾಸಂತಕ್ಕ ಅಡುಗೆಮನೆಯಿಂದ ಬಂದು ನಿಮ್ಮ ಕಿವಿಗೆ ಕೂಗಬೇಕು, ಬೀದಿಗೆಲ್ಲ ಕೇಳಬೇಕು. ಬೀದಿಗೆ ಕೇಳಿಸುವಂಥ ಮಾತಲ್ಲ ಇದು. ನನಗೆ ಏಳನೇ ಕ್ಲಾಸಿನ ಕನ್ನಡ, ಅದೂ ಅರ್ಧ. ಮಿಕ್ಕ ಅರ್ಧ ನಿಮ್ಮ ಜಾಬ್ ಕಾರ್ಡ್ ಬರೆದು ಕಲಿತದ್ದು. ತಪ್ಪಿದ್ದ ಕಡೆ ತಿದ್ದಿ ಓದಿಕೊಳ್ಳಿ.

ವಿಷಯ ಏನೆಂದರೆ, ನಾನು ಮತ್ತೆ ಮ್ಯಾನಿಫೋಲ್ಡ್ ಕೆಲಸಕ್ಕೆ ಕೈ ಹಾಕಿದ್ದೇನೆ. ಅನಿಲಣ್ಣನ ಕಾರಿನದಾದ ಮೇಲೆ ಇದೇ ಮೊದಲು. ಹನ್ನೊಂದು ವರ್ಷ. ಈ ದೇಶಕ್ಕೆ ಬಂದಾಗಿನಿಂದ ಟೈರ್ ಅಂಗಡಿಯಲ್ಲೇ ಇದ್ದೆ, ಈಗಲೂ ಇದ್ದೇನೆ. ಮನೆಯವಳು ಆಮ್ನಾ ಆಸ್ಪತ್ರೆಗೆ ಡ್ಯೂಟಿಗೆ ಹೋದಾಗ ಮನೆ ಹಿಂದಿನ ಶೆಡ್ಡಿನಲ್ಲಿ ಸಣ್ಣಪುಟ್ಟ ವೆಲ್ಡಿಂಗ್ ಮಾಡುತ್ತೇನೆ. ಡೆಕ್ಲನ್ ಅಂತ ಒಬ್ಬ, ಕುರಿ ಸಾಕುವವನು, ಭಾನುವಾರ ಹಳೇ ಕಾರಿನಲ್ಲಿ ರ್‍ಯಾಲಿ ಓಡಿಸುವವನು. ಅವನ ಎಂಜಿನ್ನಿಗೆ ಗಾಳಿ ಬಿಡುವ ದೊಡ್ಡ ಥ್ರಾಟಲ್ ಹಾಕಿದ್ದಾನೆ, ಅದಕ್ಕೆ ಕೂರುವ ಮ್ಯಾನಿಫೋಲ್ಡ್ ಎಲ್ಲೂ ಸಿಗುವುದಿಲ್ಲ. ಕೈಯಲ್ಲೇ ಮಾಡಬೇಕು. ಆಗುವುದಿಲ್ಲ ಅಂದೆ. ಅವನು ಹೋಗಿ, ಮೂರನೇ ಸಲ ಬಂದಾಗ ಸ್ಯಾಂಟ್ರಿ ಅನ್ನುವ ಕಡೆಯಿಂದ ಅಲ್ಯೂಮಿನಿಯಂ ಪೈಪು ತಂದೇ ಬಿಟ್ಟಿದ್ದ.

ಅದೇನು ಅಂತ ಆಮ್ನಾ ಕೇಳಿದಳು. ಎಂಜಿನ್ನಿಗೆ ಮೂಗು ಅಂದೆ. ಒಂದು ಬಾಯಿಂದ ಗಾಳಿ ಒಳಗೆ ಹೋಗಿ ನಾಲ್ಕು ಕೊಳವೆಯಲ್ಲಿ ನಾಲ್ಕು ಸಿಲಿಂಡರಿಗೆ ಹಂಚಿಹೋಗುತ್ತದೆ. "ಹಂಗಾದ್ರೆ ಐದು ತೂತು ಸಾಕಲ್ಲ, ಆರನೇದು ಯಾಕೆ?" ಅಂದಳು. ಅದು ಬ್ರೇಕಿನದು. ಬ್ರೇಕ್ ಹಗುರಾಗಿ ಒತ್ತಲು ಎಂಜಿನ್ನಿನ ಎಳೆತ ಬೇಕು, ಅದು ಹೋಗುವ ಸಣ್ಣ ನಳಿಕೆ. ಅಷ್ಟು ಹೇಳಿ ನಾನು ಹೊರಗೆ ಬಂದೆ.

ನಿಮ್ಮ ನೇಮವನ್ನೇ ಇಲ್ಲೂ ಇಟ್ಟಿದ್ದೇನೆ. ಅರ ಹಾಕುವ ಮೊದಲು, ಪುಡಿ ಒಳಗೆ ಬೀಳದಂತೆ ಪ್ರತಿ ತೂತಿಗೂ ಬಟ್ಟೆ. ಬಟ್ಟೆಗೆ ಗಂಟು ಹಾಕಿದ ತಂತಿ, ತಂತಿಯ ಇನ್ನೊಂದು ತುದಿಗೆ ಹಿತ್ತಾಳೆ ವಾಷರ್. ಹೊರಗೆ ತೆಗೆದದ್ದೆಲ್ಲ ಬಟ್ಟೆ ಸಮೇತ ಗೋಡೆಯ ಮೊಳೆಗೆ. ಎಣಿಸಿದ ಮೇಲೇ ಬಟ್ಟೆ ಕತ್ತರಿಸಿ ಡ್ರಮ್ಮಿಗೆ. ಮೊಳೆ ಹೊಡೆದಿದ್ದೇನೆ. ಎಣಿಸಲು ನೀವಿಲ್ಲ.

ಕೇಳಬೇಕಾದದ್ದು ಇಷ್ಟು: ವೆಲ್ಡ್ ಆದ ಮೇಲೆ, ಎಂಜಿನ್ನಿಗೆ ಕೂರುವ ಚಪ್ಪಟೆ ಫ್ಲ್ಯಾಂಜನ್ನು ದಪ್ಪ ಪ್ಲೇಟಿಗೆ ಬಿಗಿದಿಟ್ಟೇ ಎಷ್ಟು ಹೊತ್ತು ಬಿಡಬೇಕು? ಬೇಗ ಬಿಚ್ಚಿದರೆ ಬಾಗುತ್ತದೆ ಅಂತ ಗೊತ್ತು, ಎಷ್ಟು ಹೊತ್ತು ಅನ್ನುವುದು ಮರೆತಿದ್ದೇನೆ.

ನಿಮ್ಮ ಮಗಳು ಅಳಿಯ, ವಸುಂಧರಕ್ಕ, ಅನಿಲಣ್ಣ ಚೆನ್ನಾಗಿದ್ದಾರೆಯೇ? ಮನೆಗೆ ಬಂದು ಹೋಗಿ ಮಾಡುತ್ತಾರೆಯೇ? ತಪ್ಪದೆ ತಿಳಿಸಿ.

ನಿಮ್ಮ
ಖುದ್ದೂಸ್


ಬೆಂಗಳೂರು
ಫೆಬ್ರವರಿ 9, 2025

ಖುದ್ದೂಸಾ,

ಕಾಗದ ಬಂತು. ಪೋಸ್ಟ್‌ಮನ್ ಸ್ಟಾಂಪು ನೋಡಿ "ಯಾವ ದೇಶ ಸ್ವಾಮಿ?" ಅಂದ. ಶಿಷ್ಯನ ದೇಶ ಅಂದೆ. ಅಕ್ಷರ ಇನ್ನೂ ಕೋಳಿ ಕಾಲೇ.

ಫ್ಲ್ಯಾಂಜ್ ವಿಷಯ. ಗಡಿಯಾರ ನೋಡಬೇಡ. ಅಂಗೈ ಇಟ್ಟು ನಿನ್ನ ಪೂರಾ ಹೆಸರು, ಅಪ್ಪನ ಹೆಸರು, ಊರು ಹೇಳುವಷ್ಟು ಹೊತ್ತು ತಡೆದುಕೊಳ್ಳಲು ಆದರೆ ಬಿಚ್ಚು. ಇದನ್ನು ನಿನಗೆ ಹತ್ತು ಸಲ ಹೇಳಿದ್ದೇನೆ. ಮರೆತಿಲ್ಲ ನೀನು, ಕಾಗದ ಬರೆಯಲು ಒಂದು ನೆಪ ಬೇಕಿತ್ತು. ಇರಲಿ.

ಕನಸಿಗೆ ಔಷಧ: ರಾತ್ರಿ ಕಡಿಮೆ ಉಣ್ಣು.

ಇನ್ನೊಂದು ಮಾತು, ಇದನ್ನು ಸರಿಯಾಗಿ ಓದು. ನನ್ನ ತಪ್ಪನ್ನು ನೀನು ತಲೆ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದೀಯ ಅಂತ ಕಾಣುತ್ತದೆ. ಬೇಡ. ಅನಿಲನ ಕಾರಿನ ಬ್ರೇಕ್ ನಳಿಕೆಯಲ್ಲಿ ಬಟ್ಟೆ ಉಳಿದದ್ದು ನನ್ನ ಕಣ್ಣಿನಿಂದ. ತಂತಿಯಿಂದ ಬಟ್ಟೆ ಕಳಚಿ ಒಳಗೇ ಉಳಿದಿತ್ತು, ಮೊಳೆಯಲ್ಲಿ ಬರೀ ತಂತಿ ತೂಗುತ್ತಿದ್ದಿರಬೇಕು, ನಾನು ಅದನ್ನೂ ಸೇರಿಸಿ ಆರು ಅಂದೆ. ಶೆಡ್ಡಿನಲ್ಲಿ ಒತ್ತಿ ನೋಡಿದಾಗ ಬ್ರೇಕ್ ಸರಿಯೇ ಇತ್ತು, ಬಟ್ಟೆಯ ಸಂದಿನಲ್ಲಿ ಅಷ್ಟಿಷ್ಟು ಎಳೆತ ಹೋಗುತ್ತಿತ್ತಲ್ಲ. ಮಣ್ಣಿನ ಟ್ರ್ಯಾಕಿನಲ್ಲಿ ಮೂರನೇ ತಿರುವಿಗೆ ಪೆಡಲು ಕಲ್ಲಾಯಿತು. ಅಳಿಯನ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಅದರ ಹಿಂದಿನ ಸಂಕ್ರಾಂತಿಯಲ್ಲೇ ಡಾಕ್ಟರು ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಅಂದಿದ್ದರು. ಸೀಸನ್ ಮುಗಿಯಲಿ ಅಂದಿದ್ದವನು ನಾನು. ಎಲ್ಲರ ಎದುರಿಗೇ ಒಪ್ಪಿಕೊಂಡಿದ್ದೇನೆ. ನೀನು ಪಕ್ಕದಲ್ಲೇ ಇದ್ದೆ.

ಕಣ್ಣಿನ ಆಪರೇಷನ್ ಆಮೇಲೆ ಆಯಿತು. ಈಗ ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ. ಆದರೂ ಎಂಜಿನ್ ಕೆಲಸ ಮುಟ್ಟಿಲ್ಲ. ಕಿಟಕಿ ಗ್ರಿಲ್ ಮಾಡುತ್ತೇನೆ. ಕಿಟಕಿ ಸರಳು ಎಣಿಸುವುದು ತಪ್ಪಿದರೆ ಯಾರ ಕಾಲೂ ಹೋಗುವುದಿಲ್ಲ.

ವಸುಂಧರಾ ಮೈಸೂರಿನಲ್ಲಿ ಆರಾಮಾಗಿದ್ದಾಳೆ. ಅನಿಲ ಐಟಿಐಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾನೆ. ಬರುತ್ತಾರೆ, ಹೋಗುತ್ತಾರೆ.

ಗುಂಡಪ್ಪ


ಸ್ಲೈಗೋ
ಮಾರ್ಚ್ 2, 2025

ಉಸ್ತಾದರಿಗೆ ಸಲಾಂ.

ನಿಮ್ಮ ಕಾಗದ ಬಂದ ದಿನ ಜೇಬಿನಲ್ಲಿಟ್ಟುಕೊಂಡೇ ಟೈರ್ ಅಂಗಡಿಗೆ ಹೋದೆ. ವಸುಂಧರಕ್ಕ ಬಂದು ಹೋಗಿ ಮಾಡುತ್ತಾರೆ ಅಂತ ನೀವು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಅಲ್ಲಾಹನ ದಯೆ, ಗಾಯ ಒಣಗಿದೆ ಅಂದುಕೊಂಡೆ. ಒಣಗಿದ್ದನ್ನು ಕೆದಕಬಾರದು ಅಂತಲೂ ಅಂದುಕೊಂಡೆ. ಆ ರಾತ್ರಿ ಕನಸು ಬೀಳಲಿಲ್ಲ.

ಮಾರನೇ ದಿನ ಮತ್ತೆ ಬಿತ್ತು.

ನಿನ್ನೆಯಿಂದ ರೋಜಾ. ಇಲ್ಲಿ ಈ ಸಲ ಹೊತ್ತು ಬೇಗ ಮುಳುಗುತ್ತದೆ, ಕಷ್ಟವಿಲ್ಲ. ಮ್ಯಾನಿಫೋಲ್ಡ್ ವೆಲ್ಡ್ ಮುಗಿಯಿತು. ನೀವು ಹೇಳಿದಂತೆ ಅಂಗೈ ಇಟ್ಟು ನನ್ನ ಹೆಸರು, ಅಪ್ಪನ ಹೆಸರು, ರಾಣೆಬೆನ್ನೂರು ಅಂತ ಹೇಳಿ, ಸುಡದ ಮೇಲೆ ಬಿಚ್ಚಿದೆ. ನನ್ನ ಮಗಳು ಬಾಗಿಲಲ್ಲಿ ನಿಂತಿದ್ದಳು. "ಡ್ಯಾಡಿ, ಹೂ ಆರ್ ಯೂ ಟಾಕಿಂಗ್ ಟು?" ಅಂದಳು. ಪ್ಲೇಟಿಗೆ ಹೇಳುತ್ತಿದ್ದೇನೆ ಅಂದೆ. "ಯೂ ಆರ್ ಗ್ರ್ಯಾಂಡ್ ಸೋ" ಅಂದು ಒಳಗೆ ಹೋದಳು; ಇಲ್ಲಿ ಎಲ್ಲದಕ್ಕೂ ಗ್ರ್ಯಾಂಡ್, ಸರಿ ಬಿಡು ಅನ್ನುವ ಹಾಗೆ. ಗಾಜಿನ ಮೇಲಿಟ್ಟು ನೋಡಿದೆ, ಕೆಳಗೆ ಬೆಳಕು ತೂರಲಿಲ್ಲ. ನೇರವಾಗಿದೆ.

ಅರ ಹಾಕಿ ಒಳಗಿನ ವೆಲ್ಡ್ ಉಬ್ಬುಗಳನ್ನೆಲ್ಲ ನಯ ಮಾಡಿದೆ. ಆರು ಬಟ್ಟೆ ಒಳಗೆ, ಆರು ಬಟ್ಟೆ ಹೊರಗೆ. ಎಣಿಸಿದೆ. ಒಳಗೆ ಊಟದ ಮೇಜಿಗೆ ಬಂದು, ಮತ್ತೆ ಹೋಗಿ ಎಣಿಸಿದೆ. ಟಾರ್ಚ್ ಹಿಡಿದು ಒಂದೊಂದೇ ತೂತು ನೋಡಿದೆ. ಡೆಕ್ಲನ್ ಬಂದಾಗ ಇನ್ನೂ ಒಂದು ವಾರ ಅಂದೆ. ಎರಡು ದಿನ ಬಿಟ್ಟು ಬಂದಾಗಲೂ ಅದನ್ನೇ ಅಂದೆ. ನನ್ನ ಹೆಸರನ್ನು ಅವನು "ಕಡ್ಡೂಸ್" ಅನ್ನುತ್ತಾನೆ. ಮ್ಯಾನಿಫೋಲ್ಡನ್ನು ಮಗುವಿನ ಹಾಗೆ ಎತ್ತಿ ನೋಡಿ, "ಕಡ್ಡೂಸ್, ಇಟ್ಸ್ ಗ್ರ್ಯಾಂಡ್, ಅದಕ್ಕಿನ್ನೇನು ಬೇಕು?" ಅಂತ ನಕ್ಕ. ನಾನು ಅದನ್ನು ಅವನ ಕೈಯಿಂದ ಇಸಿದುಕೊಂಡೆ.

ಆಮ್ನಾ ಜಗಳಕ್ಕೇ ಬಂದಳು. "ಎಷ್ಟು ಸಲ ನೋಡ್ತೀರ್ರೀ ಅದನ್ನ? ನನ್ನನ್ನ ನೋಡೋಕೆ ಬಂದಾಗ ಒಂದ್ಸಲ ತಲೆ ಎತ್ತಲಿಲ್ಲ, ಈ ಪೈಪನ್ನ ದಿನಕ್ಕೆ ಹತ್ತು ಸಲ ನೋಡ್ತೀರಿ!" ಅಂದಳು. ಅವಳು ತಮಾಷೆಗೆ ಅಂದದ್ದು. ನಾನು ಟಾರ್ಚ್ ಆರಿಸಿ ಹೊರಗೆ ಹೋದೆ. ಯಾಕೆ ಅಂತ ಅವಳಿಗೆ ಗೊತ್ತಿಲ್ಲ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಬೇಡಿ. ಆ ಶುಕ್ರವಾರ ಸಂಜೆ ಮೊಳೆಯ ಮುಂದೆ ನಿಂತು ನೀವು ಎಣಿಸಿದಾಗ ನಿಮಗೆ ಕಂಡದ್ದು ಎಷ್ಟು ಬಟ್ಟೆ? ವಾಷರ್ ಅಲ್ಲ, ಬಟ್ಟೆ. ಸುಮ್ಮನೆ ಕೇಳಿದೆ.

ಖುದ್ದೂಸ್


ಬೆಂಗಳೂರು
ಮಾರ್ಚ್ 28, 2025

ಖುದ್ದೂಸಾ,

ಸುಮ್ಮನೆ ಕೇಳಿದೆ ಅನ್ನುತ್ತೀಯ. ಸುಮ್ಮನೆ ಯಾರೂ ಇದನ್ನು ಕೇಳುವುದಿಲ್ಲ. ಪೊಲೀಸಿನವನೂ ಕೇಳಲಿಲ್ಲ.

ಆರು. ನನಗೆ ಕಂಡದ್ದು ಆರು ಬಟ್ಟೆ. ಈಗಲೂ ಕಣ್ಣು ಮುಚ್ಚಿದರೆ ಆರು ಕಾಣುತ್ತವೆ. ಕತ್ತರಿ ಹಿಡಿದು ಒಂದೊಂದನ್ನೇ ಕತ್ತರಿಸಿ ಡ್ರಮ್ಮಿಗೆ ಹಾಕಿದ್ದು ಕೈಗೆ ನೆನಪಿದೆ. ನನ್ನ ಭಯ ಅದೇ. ಕಾಣದೇ ಹೋಗಿದ್ದರೆ ಕುರುಡು ಅನ್ನಬಹುದಿತ್ತು. ಇಲ್ಲದ್ದನ್ನು ಕಂಡ ಕಣ್ಣು ನನ್ನದು. ಅಂಥ ಕಣ್ಣನ್ನು ಆಪರೇಷನ್ ಮಾಡಿಸಿ ಏನು ಉಪಯೋಗ? ಸರಳು ಎಣಿಸಿ ಗ್ರಿಲ್ ಮಾಡುವಾಗಲೂ ಪಕ್ಕದ ಅಂಗಡಿಯವನನ್ನು ಕರೆದು ಇನ್ನೊಮ್ಮೆ ಎಣಿಸು ಅನ್ನುತ್ತೇನೆ. ಅವನು ನಗುತ್ತಾನೆ.

ಆ ಮೊಳೆ, ಅದರ ತಂತಿ ವಾಷರ್ ಸಮೇತ, ಹಾಗೇ ಇದೆ. ಅಪಘಾತ ಆದ ವಾರವೇ ಅದರ ಮೇಲೆ ಒಂದು ಗೋಣಿ ಹೊದಿಸಿದೆ. ಆ ಗೋಡೆಯ ಕಡೆ ನೋಡುವುದಿಲ್ಲ.

ನೀನು ಆ ಮ್ಯಾನಿಫೋಲ್ಡ್ ಕೊಟ್ಟುಬಿಡು. ನಿನ್ನ ಕಣ್ಣು ಚೆನ್ನಾಗಿದೆ.

ನಾಡಿದ್ದು ಯುಗಾದಿ. ವಸುಂಧರಾ ಬಂದರೂ ಬರಬಹುದು.

ಗುಂಡಪ್ಪ

ಖುದ್ದೂಸ್, ನಾನು ವಾಸಂತಿ. ಪೋಸ್ಟ್ ಮಾಡು ಅಂತ ನನ್ನ ಕೈಗೆ ಕೊಟ್ಟರು. ಓದಿದೆ. ಕೆಳಗೆ ಜಾಗ ಇದೆ ಅಂತ ಬರೆಯುತ್ತಿದ್ದೇನೆ, ಅವರಿಗೆ ಗೊತ್ತಿಲ್ಲ. ವಸುಂಧರಾ ಬರುವುದಿಲ್ಲಪ್ಪ. ಹನ್ನೊಂದು ವರ್ಷದಿಂದ ಈ ಹೊಸಿಲು ತುಳಿದಿಲ್ಲ. ಬಂದು ಹೋಗುತ್ತಾಳೆ ಅಂತ ಇವರು ಎಲ್ಲರಿಗೂ ಹೇಳುತ್ತಾರೆ, ನಿನಗೂ ಬರೆದಿರುತ್ತಾರೆ. ಆಸ್ಪತ್ರೆಯಲ್ಲಿ ಇವರು "ನಾನು ಎಣಿಸಿದ್ದು ತಪ್ಪಮ್ಮ" ಅಂದಾಗ ಅವಳು ಒಂದೇ ಮಾತು ಅಂದಳು. "ಎಣಿಸೋದು ಯಾರಿಗಾದ್ರೂ ತಪ್ಪುತ್ತೆ ಅಪ್ಪಾ. ಪೊರೆ ಬಂದ ಕಣ್ಣು ಅಂತ ಗೊತ್ತಿದ್ದೂ ನನ್ನ ಗಂಡನ ಗಾಡಿಗೆ ಯಾಕೆ ಕೈ ಹಾಕಿದ್ರಿ?" ಅಷ್ಟೇ. ನನಗೆ ಫೋನ್ ಮಾಡುತ್ತಾಳೆ, ಇವರ ಹೆಸರು ಎತ್ತುವುದಿಲ್ಲ. ಪ್ರತಿ ಯುಗಾದಿಗೂ ಇವರು ಎರಡು ಎಲೆ ಹೆಚ್ಚಿಗೆ ತರುತ್ತಾರೆ. ನಾನು ಎರಡು ಎಲೆ ಒಳಗೆ ತೆಗೆದಿಡುತ್ತೇನೆ. ನೀನಾದರೂ ಆಗಾಗ ಬರೆಯುತ್ತಿರು. ನಿನ್ನ ಕಾಗದ ಬಂದರೆ ಅವತ್ತು ಎರಡು ತುತ್ತು ಜಾಸ್ತಿ ಉಣ್ಣುತ್ತಾರೆ.


ಸ್ಲೈಗೋ
ಏಪ್ರಿಲ್ 20, 2025

ಉಸ್ತಾದರಿಗೆ,

ಸಲಾಂ ಅಂತ ಬರೆಯಲು ಕೈ ಬರುತ್ತಿಲ್ಲ. ಕೊನೆಯವರೆಗೆ ಓದಿ, ಆಮೇಲೆ ಹರಿದು ಹಾಕಿ. ನಡುವೆ ನಿಲ್ಲಿಸಬೇಡಿ.

ನಿಮ್ಮ ಕಣ್ಣು ತಪ್ಪಲಿಲ್ಲ. ಮೊಳೆಯಲ್ಲಿ ಆರು ಬಟ್ಟೆ ಇದ್ದವು. ನೀವು ಕಂಡದ್ದು ಇದ್ದದ್ದನ್ನೇ. ನಳಿಕೆಯಲ್ಲಿ ಉಳಿದದ್ದು ಏಳನೆಯದು. ಅದನ್ನು ತುರುಕಿದವನು ನಾನು.

ಅದು ಹೇಗೆ ಅಂತ ಬರೆಯುತ್ತೇನೆ. ಬ್ರೇಕಿನ ನಳಿಕೆ ಹೊಸದಾಗಿ ಹಾಕಿದ್ದು ಅಂತ ಆರನೇ ವಾಷರ್ ಮಾಡು ಅಂದಿರಿ. ಮಾಡಿದೆ, ಬಟ್ಟೆಯನ್ನೂ ಕಟ್ಟಿದೆ. ಆದರೆ ಆ ನಳಿಕೆ ಕಿರುಬೆರಳಷ್ಟು. ಬಾಯಿಯ ಸುತ್ತ ಅರ ಹಾಕಲು ತಂತಿ ಅಡ್ಡ ಬರುತ್ತದೆ ಅನ್ನಿಸಿತು. ಅದನ್ನು ಒಳಗೆ ಹಾಕದೆ ಬೆಂಚಿನ ಮೇಲೇ ಬಿಟ್ಟು, ತಂತಿಯಿಲ್ಲದ ಒಂದು ಚೂರು ಬಟ್ಟೆಯನ್ನು ಸ್ಕ್ರೂಡ್ರೈವರಿನಿಂದ ಒಳಗೆ ಒತ್ತಿದೆ. ಅರ ಮುಗಿದ ಮೇಲೆ ಚಿಮಟದಲ್ಲಿ ಎಳೆದರಾಯಿತು ಅಂತ. ಆ ಸಂಜೆ ನಾನು ಆಮ್ನಾಳನ್ನು ನೋಡಲು ಅವಳ ಮನೆಗೆ ಹೋಗುವುದಿತ್ತು. ಕೈಯ ಮಸಿ ಹೋಗಲು ಸೀಮೆಎಣ್ಣೆ, ಸೋಪು, ಅರ್ಧ ಗಂಟೆ ಬೇಕು. ಉಗುರಿನ ಸಂದಿನ ಕಪ್ಪು ನೋಡಿ ಬೇಡ ಅಂದುಬಿಟ್ಟರೆ ಅನ್ನುವುದೊಂದೇ ತಲೆಯಲ್ಲಿತ್ತು. ಐದು ಬಟ್ಟೆ ತೆಗೆದು ಮೊಳೆಗೆ ಹಾಕಿದೆ. ಬೆಂಚಿನ ಮೇಲೆ ಆರನೆಯದು ಕಂಡಿತು. ಅದನ್ನೂ ಎತ್ತಿ ಹಾಕಿದೆ. ನಳಿಕೆಯದನ್ನು ತೆಗೆದಿದ್ದೇನೆ ಅಂದುಕೊಂಡು ಹಾಕಿದೆನೋ, ಆಮೇಲೆ ತೆಗೆಯುತ್ತೇನೆ ಅಂದುಕೊಂಡು ಹಾಕಿದೆನೋ, ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಸಲ ಮಲಗಿ ಯೋಚಿಸಿದ್ದೇನೆ. ನೀವು ಬಂದು "ಮುಗೀತೇನೋ?" ಅಂದಿರಿ. ಮುಗೀತು ಉಸ್ತಾದ್ ಅಂದೆ. ಕೈ ತೊಳೆಯಲು ಓಡಿದೆ.

ಭಾನುವಾರ ಟ್ರ್ಯಾಕಿನಿಂದ ಕಾರನ್ನು ಎಳೆದು ತಂದು, ನೀವು ಪೈಪು ಬಿಚ್ಚಿ ಆ ಬಟ್ಟೆಯನ್ನು ಹೊರಗೆ ತೆಗೆದಾಗ ನಾನು ಬಾಯಿ ತೆರೆದೆ. ದೇವರಾಣೆ ತೆರೆದೆ. ಅಷ್ಟರಲ್ಲಿ ನೀವು "ನನ್ನ ಕಣ್ಣು ಕಣ್ರೋ, ಹುಡುಗರದೇನಿಲ್ಲ" ಅಂದುಬಿಟ್ಟಿರಿ. ನಾನು ಬಾಯಿ ಮುಚ್ಚಿದೆ. ನಾಳೆ ಹೇಳುತ್ತೇನೆ ಅಂದುಕೊಂಡೆ. ನಿಖಾ ಆಗಲಿ ಅಂದುಕೊಂಡೆ. ವೀಸಾ ಬರಲಿ ಅಂದುಕೊಂಡೆ. ಮಗು ಆಗಲಿ ಅಂದುಕೊಂಡೆ. ನಿಮ್ಮ ಫೆಬ್ರವರಿ ಕಾಗದ ಓದಿ, ಎಲ್ಲ ಸರಿಯಾಗಿದೆಯಲ್ಲ, ಇನ್ಯಾಕೆ ಅಂದುಕೊಂಡೆ. ವಾಸಂತಕ್ಕ ಆ ಎರಡು ಎಲೆಯ ವಿಷಯ ಬರೆಯದಿದ್ದರೆ ಇನ್ನೊಂದು ಏನಾದರೂ ಅಂದುಕೊಳ್ಳುತ್ತಿದ್ದೆ. ಅವರನ್ನು ಬಯ್ಯಬೇಡಿ.

ಆಮ್ನಾಗೆ ಮೊನ್ನೆ ಹೇಳಿದೆ. ಕೋಟು ಹಾಕಿಕೊಂಡು ಡ್ಯೂಟಿಗೆ ಹೋದಳು. ಬೆಳಿಗ್ಗೆ ವಾಪಸ್ ಬಂದು ಕೋಟು ಬಿಚ್ಚುವ ಮೊದಲು, "ಬರೆದ್ರಾ?" ಅಂದಳು. ಬರೆಯುತ್ತಿದ್ದೇನೆ ಅಂದೆ. "ನಾನು ಅವತ್ತು ನಿಮ್ಮ ಕೈ ನೋಡಿದ್ದೆ. ಉಗುರೆಲ್ಲ ಕಪ್ಪೇ ಇತ್ತು. ಅದಕ್ಕೇ ಒಪ್ಪಿದ್ದು, ದುಡಿಯೋ ಕೈ ಅಂತ" ಅಂದಳು. ಅವಳು ಅಳಲಿಲ್ಲ, ಉಸ್ತಾದ್. ನಾನೇ.

ನನ್ನ ಮಾತು ನಂಬಬೇಡಿ. ಗೋಣಿ ತೆಗೆದು ಮೊಳೆ ನೋಡಿ. ನೀವು ಕತ್ತರಿಸಿದ್ದು ಬಟ್ಟೆಯನ್ನು, ಗಂಟುಗಳು ತಂತಿಯಲ್ಲೇ ಇರಬೇಕು. ಐದು ಗಂಟು ಅರದ ಪುಡಿ ಹತ್ತಿ ಕಪ್ಪಾಗಿರುತ್ತವೆ. ಆರನೆಯದು ಯಾವ ತೂತಿಗೂ ಹೋಗಿಲ್ಲ. ಅದು ಬೆಳ್ಳಗಿರುತ್ತದೆ.

ಖುದ್ದೂಸ್


ಸ್ಲೈಗೋ
ಜೂನ್ 8, 2025

ಉಸ್ತಾದರಿಗೆ,

ಏಳು ವಾರವಾಯಿತು. ಕಾಗದ ತಲುಪಿತೋ ಇಲ್ಲವೋ ಗೊತ್ತಿಲ್ಲ. ಪೋಸ್ಟ್ ಆಫೀಸಿನ ಹೆಂಗಸು ತೂಕ ಮಾಡಿ ಸ್ಟಾಂಪು ಹಚ್ಚಿದ್ದನ್ನು ಕಣ್ಣಾರೆ ನೋಡಿದ್ದೇನೆ. ವಿಳಾಸದ ಪಿನ್ ಕೋಡಿನಲ್ಲಿ ಎಂಟು ಬರೆದೆನೋ ಆರು ಬರೆದೆನೋ ಅಂತ ಅನುಮಾನ. ತಲುಪಿಲ್ಲ ಅಂದರೆ ಮತ್ತೆ ಬರೆಯುವ ಧೈರ್ಯ ನನಗೆ ಇದೆಯೋ ಇಲ್ಲವೋ. ತಲುಪಿದೆ ಅಂದರೆ ಅದು ಇನ್ನೊಂದು ಹೆದರಿಕೆ. ವಾಸಂತಕ್ಕನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಮೊನ್ನೆ ಬಕ್ರೀದ್ ಆಯಿತು. ಕನಸು ಈಗ ಬೀಳುತ್ತಿಲ್ಲ. ನಿದ್ದೆ ಬಂದರೆ ತಾನೇ.

ಬಯ್ದಾದರೂ ಒಂದು ಸಾಲು ಬರೆಯಿರಿ.

ಖುದ್ದೂಸ್


ಬೆಂಗಳೂರು
ಜುಲೈ 5, 2025

ಖುದ್ದೂಸನಿಗೆ,

ನಿನ್ನ ಏಪ್ರಿಲ್ ಕಾಗದ ಮೇ ಹದಿನಾರಕ್ಕೆ ಬಂತು. ನಡುವೆ ನಿಲ್ಲಿಸಬೇಡಿ ಅಂದಿದ್ದೆ. ನಿಲ್ಲಿಸಿದೆ. ಎರಡು ದಿನ ಬಿಟ್ಟು ಮಿಕ್ಕದ್ದು ಓದಿದೆ. ಗೋಣಿ ತೆಗೆಯಲು ಇನ್ನೂ ಒಂದು ವಾರ ಹಿಡಿಯಿತು.

ಆರು ಗಂಟು. ಐದು ಕಪ್ಪು. ಒಂದರ ಮೇಲೆ ಧೂಳು ಕೂತಿತ್ತು, ಊದಿದೆ, ಬೆಳ್ಳಗಿತ್ತು.

ಹನ್ನೊಂದು ವರ್ಷ ನನ್ನ ಬೆನ್ನ ಹಿಂದೆಯೇ ತೂಗುತ್ತಿತ್ತು. ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು. ನಾನು ನೋಡಲಿಲ್ಲ, ನೀನು ಹೇಳಲಿಲ್ಲ. ಯಾರದು ಹೆಚ್ಚು ಅಂತ ಲೆಕ್ಕ ಹಾಕುವ ವಯಸ್ಸಲ್ಲ ನನ್ನದು. ಆದರೆ ನಿನ್ನ ಮೇಲೆ ಸಿಟ್ಟು ಇದೆ. ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಬಟ್ಟೆ ಉಳಿಸಿದ್ದಕ್ಕಲ್ಲ. ಅದು ಕೆಲಸದಲ್ಲಿ ಆಗುವಂಥದ್ದು. ನನ್ನ ಕಣ್ಣನ್ನು ನನ್ನಿಂದ ಕಿತ್ತುಕೊಂಡು ಅಷ್ಟು ದೂರ ಹೋಗಿ ಕೂತೆಯಲ್ಲ, ಅದಕ್ಕೆ.

ನಿನ್ನ ಕಾಗದವನ್ನು ವಾಸಂತಿ ಮೈಸೂರಿಗೆ ತೆಗೆದುಕೊಂಡು ಹೋದಳು. ನಾನು ಹೋಗಲಿಲ್ಲ. ಮುಂದಿನ ಭಾನುವಾರ ಅನಿಲ ಒಬ್ಬನೇ ಬಸ್ಸಿನಲ್ಲಿ ಬಂದ. ಕೋಲು ಊರಿಕೊಂಡು ಸೀದಾ ಗೋಡೆಯ ಹತ್ತಿರ ಹೋದ. "ಮಾವ, ಎಣಿಸಿ" ಅಂದ, ನನಗೆ ಕೇಳುವ ಹಾಗೆ ಕೂಗಿ. ನಾನು ಎಣಿಸಿದೆ. ಅವನೂ ಎಣಿಸಿದ. ಆ ಆರನೆಯದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಕಾಫಿ ಕುಡಿದ. ಹೋಗುವಾಗ, "ಖುದ್ದೂಸ್ ನಿಮಗೆ ಬರೆದಿದ್ದಾನೆ. ಕಾಲು ನನ್ನದು. ನನಗೆ ಬರೀಲಿ" ಅಂದ. ವಿಳಾಸ ಈ ಕಾಗದದ ಹಿಂಬದಿಗೆ ಬರೆದಿದ್ದೇನೆ.

ವಸುಂಧರಾ ಬರಲಿಲ್ಲ. ಬರುತ್ತಾಳೆ ಅಂದುಕೊಂಡಿದ್ದೆ. ಮೊದಲು ಸಿಟ್ಟಿಗೆ ಬರುತ್ತಿರಲಿಲ್ಲ. ಈಗ ಅಪ್ಪನ ಮುಖ ಹೇಗೆ ನೋಡಲಿ ಅನ್ನುತ್ತಾಳಂತೆ. ತಪ್ಪಿಲ್ಲದವರನ್ನು ಬಯ್ದು ಹನ್ನೊಂದು ವರ್ಷ ದೂರ ಇಟ್ಟೆನಲ್ಲ ಅಂತ ಫೋನಿನಲ್ಲಿ ವಾಸಂತಿಯ ಹತ್ತಿರ ಅಳುತ್ತಾಳೆ. ನೋಡು, ನಿಜ ಹೊರಗೆ ಬಂದರೂ ಅವಳು ಅಲ್ಲೇ, ನಾನು ಇಲ್ಲೇ. ಹೊತ್ತಿಗೆ ಬಂದಿದ್ದರೆ ಬೇರೆ.

ಅನಿಲನಿಗೆ ಬರೆಯುವವರೆಗೆ ನನಗೆ ಬರೆಯಬೇಡ.

ಗುಂಡಪ್ಪ


ಸ್ಲೈಗೋ
ಆಗಸ್ಟ್ 24, 2025

ಉಸ್ತಾದರಿಗೆ ಸಲಾಂ.

ಅನಿಲಣ್ಣನಿಗೆ ಜುಲೈ ಕೊನೆಗೆ ಬರೆದೆ. ನಾಲ್ಕು ಸಲ ಹರಿದು, ಐದನೆಯದನ್ನು ಹಾಕಿದೆ. ಕ್ಷಮಿಸಿ ಅಂತ ಬರೆಯಲಿಲ್ಲ. ಆಮ್ನಾ ಬೇಡ ಅಂದಳು. "ಕ್ಷಮಿಸಿ ಅಂದ್ರೆ ಅವರಿಗೊಂದು ಕೆಲಸ ಕೊಟ್ಟ ಹಾಗೆ. ಆಗಿದ್ದನ್ನ ಬರೀರಿ ಸಾಕು" ಅಂದಳು. ಆಗಿದ್ದನ್ನು ಬರೆದೆ. ಉತ್ತರ ಬಂದಿಲ್ಲ. ಬರದಿದ್ದರೆ ಅದು ಅವರ ಇಷ್ಟ.

ವಸುಂಧರಕ್ಕನಿಗೆ ಬೇರೆಯಾಗಿ ಒಂದು ಚೀಟಿ ಅದರಲ್ಲೇ ಇಟ್ಟೆ. ಎರಡೇ ಸಾಲು. ಅಕ್ಕ, ನೀವು ಬಯ್ದದ್ದು ತಪ್ಪು ಮನುಷ್ಯನನ್ನು ಅಂತ ನಿಮಗೆ ಗೊತ್ತಾಗದ ಹಾಗೆ ಮಾಡಿದವನು ನಾನು. ಆ ನಾಚಿಕೆ ನನ್ನದು, ಅದನ್ನು ನನಗೆ ಬಿಟ್ಟು ನೀವು ಮನೆಗೆ ಹೋಗಿ. ಅಷ್ಟೇ. ಓದಿದರೋ, ಎಸೆದರೋ. ಗೌರಿ ಹಬ್ಬ ಇನ್ನು ಎರಡು ದಿನ ಇದೆ, ತವರಿಗೆ ಬರುವ ಹಬ್ಬ. ಈ ಕಾಗದ ನಿಮ್ಮನ್ನು ಮುಟ್ಟುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ, ಬಂದರೋ ಇಲ್ಲವೋ ನಿಮಗೆ ಗೊತ್ತಿರುತ್ತದೆ. ನನಗೆ ತಿಳಿಸಬೇಕು ಅಂತ ಏನಿಲ್ಲ.

ಡೆಕ್ಲನ್ನನಿಗೆ ಎಲ್ಲ ಹೇಳಿದೆ. ನನ್ನ ಇಂಗ್ಲಿಷಿನಲ್ಲಿ, ಕೈ ಬಾಯಿ ಮಾಡಿ. ಈ ಸಲ ಅವನು ಗ್ರ್ಯಾಂಡ್ ಅನ್ನಲಿಲ್ಲ. ಟೋಪಿ ತೆಗೆದು ಬೆಂಚಿನ ಮೇಲೆ ಕೂತ. ಆಮೇಲೆ, ಸೀಸನ್ ಹೇಗೂ ಹೋಯಿತು, ನಿನ್ನ ಗುರು ಸರಿ ಅನ್ನುವವರೆಗೆ ಕಾಯುತ್ತೇನೆ ಅಂದ. ಬೇರೆಯವರ ಹತ್ತಿರ ಮಾಡಿಸಿಕೋ ಅಂದೆ. "ಇಷ್ಟು ಹೆದರೋನು ಇನ್ನೆಲ್ಲಿ ಸಿಗ್ತಾನೆ?" ಅನ್ನುವಂಥದ್ದೇನೋ ಅಂದ. ನನಗೆ ನಗು ಬರಲಿಲ್ಲ, ಅವನಿಗೂ ಬರಲಿಲ್ಲ.

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಅಂಗಡಿಯಲ್ಲಿ ದೊಡ್ಡದು ಮಾಡಿಸಿದ್ದು. ನನ್ನ ಶೆಡ್ಡಿನ ಮೊಳೆ, ಅದರಲ್ಲಿ ವಾಷರು, ತಂತಿ, ಬಟ್ಟೆ. ಮೊನ್ನೆ ಎಲ್ಲ ತೂತನ್ನೂ ಮತ್ತೆ ತೊಳೆದು, ಹೊಸ ಬಟ್ಟೆ ಹಾಕಿ, ಒಂದೊಂದಾಗಿ ತೆಗೆದು ತೂಗುಹಾಕಿದ್ದು. ಮೊಳೆಯ ಕೆಳಗೆ ಮ್ಯಾನಿಫೋಲ್ಡ್ ಇದೆ, ಆರೂ ಬಾಯಿ ನಿಮ್ಮ ಕಡೆ ತಿರುಗಿಸಿಟ್ಟಿದ್ದೇನೆ, ಒಳಗಿಂದ ಟಾರ್ಚ್ ಬಿಟ್ಟಿದ್ದೇನೆ. ಬಟ್ಟೆ ಇನ್ನೂ ಕತ್ತರಿಸಿಲ್ಲ. ಕತ್ತರಿ ಬೆಂಚಿನ ಮೇಲೇ ಇದೆ. ಇಪ್ಪತ್ತು ಸಲ ನಾನು ಎಣಿಸಿದ್ದು ಎಣಿಕೆಯಲ್ಲ, ಉಸ್ತಾದ್. ನಮ್ಮ ಶೆಡ್ಡಿನಲ್ಲಿ ಬಟ್ಟೆ ತುರುಕಿದವನೇ ಎಣಿಸುವಂತಿರಲಿಲ್ಲ.

ಪಕ್ಕದ ಅಂಗಡಿಯವನನ್ನು ಕರೆಯಬೇಡಿ. ಕನ್ನಡಕ ಒರೆಸಿಕೊಂಡು, ಬೆಳಕಿಗೆ ಹಿಡಿದು ನೀವೇ ನೋಡಿ. ಎಡದಿಂದ ಮೂರನೆಯ ಬಟ್ಟೆ ಸ್ವಲ್ಪ ನೆರಳಲ್ಲಿದೆ, ಎರಡನೆಯದಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ಅದು ಬೇರೆ ಬಟ್ಟೆಯೇ ಹೌದೋ, ಒಟ್ಟು ಆರು ಇವೆಯೋ, ಇನ್ನೊಂದು ಸಲ ಎಣಿಸಿ ಬರೆಯಿರಿ.

ಖುದ್ದೂಸ್